ಕೀಲಿಮಣೆಯ ಮೇಲೆ ಕಲಿತ ನಟನೆ: ಡಡ್ಲಿ ಮೂರ್ ಮತ್ತು ಅವರ ಹಿಂದುಮುಂದಿನವರು

ನಟನೊಬ್ಬ ಪಿಯಾನೊ ನುಡಿಸಿದರೆ ವಿಮರ್ಶಕರು ಅದನ್ನು ಹವ್ಯಾಸದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಹಾಡುಗಾರನೊಬ್ಬ ಸಿನಿಮಾದಲ್ಲಿ ಕಾಣಿಸಿಕೊಂಡರೆ ಹೆಸರನ್ನು ಮಾರಿಕೊಳ್ಳುತ್ತಿದ್ದಾನೆ ಎನ್ನುತ್ತಾರೆ. ಬ್ರಿಟನ್ನಿನ ಮಟ್ಟಿಗೆ ಈ ಎರಡು ಲೆಕ್ಕವೂ ಕೂಡಿಬರುವುದಿಲ್ಲ. ಲಯ, ವಿರಾಮ, ಮುಕ್ತಾಯಗಳನ್ನು ಸಂಗೀತದಿಂದ ಕಲಿತು ಅದನ್ನೇ ನಟನೆಗೆ ಬಂಡವಾಳ ಮಾಡಿಕೊಂಡವರ ಒಂದು ಸಾಲೇ ಅಲ್ಲಿದೆ. ಆ ಸಾಲಿನ ನಟ್ಟನಡುವೆ ನಿಲ್ಲುವವರು ಡಡ್ಲಿ ಮೂರ್ (1935–2002). ಅವರಿಗಿಂತ ಮುಂಚೆ ನೋಯೆಲ್ ಕವರ್ಡ್ ಇದ್ದರು. 1942ರ ‘ಇನ್ ವಿಚ್ ವಿ ಸರ್ವ್’ ಚಿತ್ರವನ್ನು ಬರೆದು, ಅದಕ್ಕೆ ಸಂಗೀತ ಕೊಟ್ಟು, ಮುಖ್ಯ ಪಾತ್ರ ವಹಿಸಿ, ಡೇವಿಡ್ ಲೀನ್ ಜೊತೆ ನಿರ್ದೇಶನವನ್ನೂ ಮಾಡಿದವರು ಅವರು. ಆದರೆ ಕವರ್ಡ್ ಕ್ರಮವಾಗಿ ಸಂಗೀತ ಕಲಿತವರಲ್ಲ. ಮನಸ್ಸಿಗೆ ಬಂದ ಧಾಟಿಯನ್ನು ಕಿವಿಯ ಬಲದಿಂದಲೇ ನುಡಿಸುತ್ತಿದ್ದರು, ಸ್ವರಲಿಪಿಗೆ ಇಳಿಸಲು ಬೇರೆಯವರು ಬೇಕಿತ್ತು. ಅವರಲ್ಲಿ ಹಾಡು ಮಾತಿನ ಚುರುಕಿಗೆ ತೊಡಿಸಿದ ಅಂಗಿ. ಮೂರ್ ಬಂದಾಗ ತಿರುವುಮುರುವಾದದ್ದು ಇದೇ ಸಂಬಂಧ.

ಲಂಡನ್ನಿನ ಅಂಚಿನ ಡ್ಯಾಗೆನಂನಲ್ಲಿ, ರೈಲ್ವೆಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವರ ಮನೆಯಲ್ಲಿ ಬೆಳೆದ ಹುಡುಗ ಮೂರ್. ಹುಟ್ಟುವಾಗಲೇ ಪಾದ ತಿರುಚಿತ್ತು, ಒಂದು ಕಾಲು ಕೊನೆಯವರೆಗೂ ಸೊರಗಿಯೇ ಉಳಿಯಿತು. ಗಿಲ್ಡ್‌ಹಾಲ್ ಸಂಗೀತ ಶಾಲೆ, ಚರ್ಚಿನ ಆರ್ಗನ್, ಆಮೇಲೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ಆರ್ಗನ್ ವಿದ್ಯಾರ್ಥಿವೇತನ: ಕಾರ್ಮಿಕರ ಮನೆಯ ಹುಡುಗನಿಗೆ ಆಕ್ಸ್‌ಫರ್ಡಿನ ಬಾಗಿಲು ತೆರೆದದ್ದು ನಾಟಕವಲ್ಲ, ಬಾಕ್. ಅಲ್ಲಿಂದ ಅವರು 1960ರಲ್ಲಿ ಎಡಿನ್‌ಬರೊ ಉತ್ಸವದ ‘ಬಿಯಾಂಡ್ ದ ಫ್ರಿಂಜ್’ ಹಾಸ್ಯ ಪ್ರದರ್ಶನಕ್ಕೆ ಬಂದರು. ಜೊತೆಗಿದ್ದವರು ಪೀಟರ್ ಕುಕ್, ಅಲನ್ ಬೆನೆಟ್, ಜೊನಾಥನ್ ಮಿಲ್ಲರ್. ಅದರಲ್ಲಿ ಮೂರ್ ಒಬ್ಬರೇ ಪಿಯಾನೊ ಮುಂದೆ ಕೂತು ಮಾಡುತ್ತಿದ್ದ ತುಣುಕೊಂದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಿಪಾಯಿಗಳು ಶಿಳ್ಳೆ ಹೊಡೆಯುವ ‘ಕರ್ನಲ್ ಬೋಗಿ’ ಕವಾಯತಿನ ಧಾಟಿಯನ್ನು ಎತ್ತಿಕೊಂಡು ಬೇತೊವನ್ ಸೊನಾಟದ ಗಾಂಭೀರ್ಯದಲ್ಲಿ ಬೆಳೆಸುತ್ತಾರೆ. ಧಾಟಿ ಎಡಗೈಗೆ ಇಳಿಯುತ್ತದೆ, ತುಂಡಾಗುತ್ತದೆ, ಶೋಕದ ಛಾಯೆ ತಾಳುತ್ತದೆ. ಕೊನೆಗೆ ಮುಕ್ತಾಯದ ಸ್ವರಗುಚ್ಛ ಬಿತ್ತು ಎನ್ನುವಾಗ ಇನ್ನೊಂದು ಬರುತ್ತದೆ, ಅದರ ಬೆನ್ನಿಗೆ ಮತ್ತೊಂದು. ಮುಗಿಸಲಾರದೆ ಒದ್ದಾಡುವ ಮನುಷ್ಯನ ಮುಖ ಪಿಯಾನೊ ಮೇಲಿಂದ ಕಾಣುತ್ತದೆ. ಮುಖಚೇಷ್ಟೆಗಷ್ಟೇ ಇಲ್ಲಿ ನಗು ಬರುವುದಿಲ್ಲ. ಬೇತೊವನ್ ತನ್ನ ಮುಕ್ತಾಯಗಳನ್ನು ಎಷ್ಟು ಹಿಗ್ಗಿಸುತ್ತಾನೆಂಬುದನ್ನು ಬೆರಳಿನಿಂದ ಬಲ್ಲವನಿಗೆ ಮಾತ್ರ ಆ ಮುಖವನ್ನು ಯಾವ ಮಾತ್ರೆಯಲ್ಲಿ ಎತ್ತಬೇಕೆಂಬುದೂ ಗೊತ್ತಿರುತ್ತದೆ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಕುಕ್ ಪರವಾದದ್ದು: ಬುದ್ಧಿ, ಬರಹ, ಕಲ್ಪನೆ ಎಲ್ಲ ಕುಕ್ ಅವರದು, ಮೂರ್ ಬರೀ ಜೊತೆಗಾರ. ಪದಗಳ ಮಟ್ಟಿಗೆ ಇದನ್ನು ಬಹುಪಾಲು ಒಪ್ಪಬಹುದು. ಒಂಟಿಕಾಲಿನ ಮನುಷ್ಯ ಟಾರ್ಜನ್ ಪಾತ್ರ ಕೇಳಿಕೊಂಡು ಬರುವ ಪ್ರಸಿದ್ಧ ಪ್ರಹಸನವನ್ನು ಬರೆದವರು ಕುಕ್. ಆದರೆ ಕುಕ್ ನಿಂತಲ್ಲೇ ನಿಂತು, ಸಭ್ಯವಾಗಿ, ಸುತ್ತಿ ಬಳಸಿ ಮಾತಾಡುವಾಗ ಆ ಮಾತಿನ ಕೆಳಗೆ ತಾಳ ಹಾಕುತ್ತಿರುವುದು ಒಂಟಿಕಾಲಿನವನ ಪಾತ್ರದಲ್ಲಿರುವ ಮೂರ್ ಕುಪ್ಪಳಿಕೆ. ಕುಪ್ಪಳಿಕೆ ಅರೆಕ್ಷಣ ಹಿಂದೆ ಮುಂದೆ ಆದರೆ ಮಾತು ಸಪ್ಪೆಯಾಗುತ್ತದೆ. ಇವರಿಬ್ಬರ ‘ನಾಟ್ ಓನ್ಲಿ... ಬಟ್ ಆಲ್ಸೊ’ ಕಾರ್ಯಕ್ರಮ 1965ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ಬಿಬಿಸಿ ಮೊದಲು ಕರೆದದ್ದು ಮೂರ್ ಅವರನ್ನೇ, ಕುಕ್ ಅತಿಥಿಯಾಗಿ ಬಂದು ನೆಲೆಯೂರಿದವರು ಎಂಬುದನ್ನು ಕುಕ್ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. (ಅದರ ಎಷ್ಟೋ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿದ್ದರಿಂದ ಈ ವಾದ ಪೂರ್ತಿ ಇತ್ಯರ್ಥವಾಗುವಂತೆಯೂ ಇಲ್ಲ.) 1967ರ ‘ಬೆಡಾಜಲ್ಡ್’ ಚಿತ್ರದಲ್ಲಿ ಮೂರ್ ನಟನೂ ಹೌದು, ಸಂಗೀತ ಸಂಯೋಜಕರೂ ಹೌದು. ಪಾಪ್ ಗಾಯಕನಾಗಿ ಅವರು ಪ್ರೀತಿಗಾಗಿ ಅಂಗಲಾಚುತ್ತಾರೆ. ಮರುಕ್ಷಣವೇ ಕುಕ್ ಒಂದೇ ಸ್ವರದಲ್ಲಿ, ಯಾರೂ ಬೇಡವೆಂಬಂತೆ ಹಾಡಿ ಹುಡುಗಿಯರನ್ನೆಲ್ಲ ಸೆಳೆದುಬಿಡುತ್ತಾರೆ. ಎರಡು ಹಾಡುಗಳ ಶೈಲಿಯಲ್ಲೇ ಎರಡು ಸ್ವಭಾವಗಳು ಬಯಲಾಗುವ ಈ ಜಾಗವನ್ನು ಸಂಗೀತಗಾರನಲ್ಲದೆ ಬೇರೆಯವರು ಕಟ್ಟಲಾಗುತ್ತಿರಲಿಲ್ಲ.

ಹಾಲಿವುಡ್‌ಗೆ ಹೋದ ಮೇಲೆ ಕಥೆ ಬೇರೆ. ‘10’ (1979) ಚಿತ್ರದಲ್ಲಿ ಗೀತಸಂಯೋಜಕನ ಪಾತ್ರ, ಪಿಯಾನೊಗೂ ಜಾಗವಿತ್ತು. ‘ಆರ್ಥರ್’ (1981) ಆಸ್ಕರ್ ನಾಮನಿರ್ದೇಶನ ತಂದಿತು. ಆಮೇಲಿನ ಬಹುತೇಕ ಚಿತ್ರಗಳು ಅವರಿಂದ ಗಿಡ್ಡ, ಮುದ್ದು, ಕುಡುಕನ ಚಹರೆಯನ್ನಷ್ಟೇ ಕೇಳಿದವು. ಹಲವು ದೋಣಿಗೆ ಕಾಲಿಟ್ಟು ಯಾವುದರಲ್ಲೂ ದಡ ಸೇರಲಿಲ್ಲ ಎಂಬ ದೂರು ಹುಟ್ಟಿದ್ದು ಈ ಕಾಲದಲ್ಲಿ. ಜಾಝ್ ಬಲ್ಲವರು ಇನ್ನೊಂದು ಮಾತು ಸೇರಿಸುತ್ತಾರೆ: ಅವರ ಜಾಝ್ ನುಡಿಸಾಣಿಕೆಯಲ್ಲಿ ಪಿಯಾನೊ ವಾದಕ ಎರೊಲ್ ಗಾರ್ನರ್ ನೆರಳು ದಟ್ಟವಾಗಿದೆ. ನೆರಳಿದೆ, ನಿಜ. ಇನ್ನೊಬ್ಬರ ಶೈಲಿಯನ್ನು ಕಿವಿಯಿಂದ ಹೀರಿಕೊಂಡು ಬೆರಳಿಗೆ ತರುವ ಆ ಗುಣದಿಂದಲೇ ಬೇತೊವನ್ ಅಣಕವೂ ಹುಟ್ಟಿದ್ದು; ಒಂದನ್ನು ಮೆಚ್ಚಿ ಇನ್ನೊಂದನ್ನು ಹಳಿಯುವುದು ಹೇಗೆ? ದಡ ಸೇರದಿದ್ದುದಕ್ಕೆ ನನ್ನ ಓದಿನಲ್ಲಿ ಕಾರಣ ಬಹುಮುಖತೆ ಅಲ್ಲ, ಅದನ್ನು ಒಡೆದ ಉದ್ಯಮ. 1991ರಲ್ಲಿ ವಾದ್ಯವೃಂದ ನಿರ್ದೇಶಕ ಜಾರ್ಜ್ ಶೋಲ್ಟಿ ಜೊತೆ ಮಾಡಿದ ‘ಆರ್ಕೆಸ್ಟ್ರಾ!’ ಟಿವಿ ಸರಣಿಯಲ್ಲಿ ಸಂಗೀತ, ನಟನೆ ಎರಡೂ ಮತ್ತೆ ಒಂದಾದಾಗ ಹಳೆಯ ಮೂರ್ ಮರಳಿ ಸಿಕ್ಕರು. ಆದರೆ ನರರೋಗ ಅವರ ಕೈಗಳ ಹಿಡಿತವನ್ನು ಕಸಿದುಕೊಳ್ಳಲು ಹೆಚ್ಚು ಕಾಲ ಉಳಿದಿರಲಿಲ್ಲ.

ಮುಂದಿನ ತಲೆಮಾರಿನ ಹ್ಯೂ ಲಾರಿ ‘ಎ ಬಿಟ್ ಆಫ್ ಫ್ರೈ ಅಂಡ್ ಲಾರಿ’ಯಲ್ಲಿ ಅಣಕು ಹಾಡುಗಳಿಂದ ಮೂರ್ ದಾರಿಯನ್ನೇ ಹಿಡಿದರು. ಆದರೆ 2011ರ ‘ಲೆಟ್ ದೆಮ್ ಟಾಕ್’ ಆಲ್ಬಂನಲ್ಲಿ ನ್ಯೂ ಆರ್ಲಿಯನ್ಸಿನ ಬ್ಲೂಸ್ ಹಾಡುವಾಗ ಅಣಕದ ರಕ್ಷೆಯನ್ನು ಕಳಚಿಟ್ಟರು. ಈಟನ್ನಿನಲ್ಲಿ ಓದಿದ ಇಂಗ್ಲಿಷ್ ನಟನಿಗೆ ಕಪ್ಪು ಅಮೆರಿಕನ್ನರ ಸಂಗೀತದಲ್ಲಿ ಏನು ಕೆಲಸ ಎಂಬ ಪ್ರಶ್ನೆಗೆ ತಾವೇ ಮುಂದಾಗಿ ಕೊರಳೊಡ್ಡಿದರು. ಇನ್ನೂ ಈಚಿನ ಬ್ರಿಟಿಷ್ ನಟ ರಿಜ್ ಅಹ್ಮದ್ ವಿಚಾರದಲ್ಲಿ ಚರ್ಚಿನ ಆರ್ಗನ್ನಿನ ಜಾಗಕ್ಕೆ ರ‍್ಯಾಪ್ ಬಂದಿದೆ. ಅವರ ಹಾಡನ್ನೂ ನಟನೆಯನ್ನೂ ಬೆಸೆದಿರುವುದು ರಾಜಕೀಯ, ಲಯವಲ್ಲ ಎಂದು ಇಲ್ಲಿ ವಾದಿಸಬಹುದು. 2020ರ ಕಿರುಚಿತ್ರ ‘ದ ಲಾಂಗ್ ಗುಡ್‌ಬೈ’ ಈ ವಾದವನ್ನು ಪರೀಕ್ಷಿಸಲು ಒಳ್ಳೆಯ ಜಾಗ. ಅದೇ ಹೆಸರಿನ ಆಲ್ಬಂ ಜೊತೆ ಬಂದ ಈ ಚಿತ್ರದಲ್ಲಿ ಮದುವೆ ತಯಾರಿಯ ಗದ್ದಲದಲ್ಲಿರುವ ಏಷ್ಯನ್ ಮೂಲದ ಕುಟುಂಬದ ಮೇಲೆ ಬಂದೂಕುಧಾರಿಗಳು ಎರಗುತ್ತಾರೆ. ಕೊನೆಯಲ್ಲಿ ಅಹ್ಮದ್ ಬೀದಿಯಲ್ಲಿ ಕ್ಯಾಮೆರಾಗೆ ಮುಖಮಾಡಿ ಪ್ರಾಸಬದ್ಧವಾಗಿ ನುಡಿಯತೊಡಗುತ್ತಾರೆ. ವಾದ್ಯವಿಲ್ಲ, ಉಸಿರು ಎಲ್ಲಿ ಕಡಿಯಬೇಕು, ಎಲ್ಲಿ ಹಿಡಿಯಬೇಕೆಂಬುದರ ಮೇಲೆಯೇ ದೃಶ್ಯ ನಿಂತಿದೆ. 2022ರಲ್ಲಿ ಅದಕ್ಕೆ ಆಸ್ಕರ್ ಬಂತು, ಸಂಗೀತದ ವಿಭಾಗದಲ್ಲಲ್ಲ, ಕಿರುಚಿತ್ರದ ವಿಭಾಗದಲ್ಲಿ.