ಅಂಕಿ ಅಂಶಗಳ ಬಳಕೆದಾರರ ಅಭಿಪ್ರಾಯ ಮತ್ತು ರಾಷ್ಟ್ರೀಯ ಸಮೀಕ್ಷೆಗಳು

ಭಾರತದಲ್ಲಿ ಅಧಿಕೃತ ಅಂಕಿ ಅಂಶಗಳನ್ನು ಸಂಗ್ರಹಿಸಿ ಪ್ರಕಟಿಸುವ ಪ್ರಮುಖ ಸಂಸ್ಥೆಯು ಕೇಂದ್ರ ಸರ್ಕಾರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯಾಗಿರುತ್ತದೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕಾರ್ಯವನ್ನು ನಿರ್ವಹಿಸುತ್ತಿದ್ದ ಸಂಸ್ಥೆಯನ್ನೂ, 1951ರಲ್ಲಿ ಸ್ಥಾಪಿತವಾದ ಕೇಂದ್ರ ಸಾಂಖ್ಯಿಕ ಸಂಸ್ಥೆಯನ್ನೂ 2019ರಲ್ಲಿ ವಿಲೀನಗೊಳಿಸಿ ಈ ಕಚೇರಿಯನ್ನು ರೂಪಿಸಲಾಯಿತು. ಸಮೀಕ್ಷೆಗಳಲ್ಲಿ ರಾಜ್ಯಗಳೂ ಭಾಗವಹಿಸುತ್ತವೆ. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ಕೇಂದ್ರದ ಅನುಸೂಚಿಗಳನ್ನೇ ಬಳಸಿ ರಾಜ್ಯ ಮಾದರಿಯ ಕ್ಷೇತ್ರಕಾರ್ಯವನ್ನು ನಡೆಸುತ್ತದೆ.

ಈ ಅಂಕಿ ಅಂಶಗಳನ್ನು ಬಳಸುವವರಲ್ಲಿ ಸಚಿವಾಲಯಗಳು, ರಾಜ್ಯ ಸರ್ಕಾರಗಳು, ಭಾರತೀಯ ರಿಸರ್ವ್ ಬ್ಯಾಂಕ್, ವಿಶ್ವವಿದ್ಯಾಲಯಗಳು, ಕಾರ್ಮಿಕ ಸಂಘಗಳು, ಪತ್ರಿಕೆಗಳು ಹಾಗೂ ಸಾಮಾನ್ಯ ನಾಗರಿಕರು ಸೇರಿದ್ದಾರೆ. ಇವರಿಂದ ಬರುವ ಅಭಿಪ್ರಾಯಗಳು ಎರಡು ಬಗೆಯವು. ಪ್ರಕಟಣೆಯ ವೇಳೆ, ಕೋಷ್ಟಕದ ರೂಪ, ವಿವರಣೆಯ ಸ್ಪಷ್ಟತೆ ಮುಂತಾದವುಗಳಿಗೆ ಸಂಬಂಧಿಸಿದ ಸಲಹೆಗಳನ್ನು ಕೆಲವೇ ತಿಂಗಳುಗಳಲ್ಲಿ ಜಾರಿಗೆ ತರಬಹುದು. ಮಾಪನದ ವಿಧಾನವನ್ನೇ ಪ್ರಶ್ನಿಸುವ ಟೀಕೆಗಳು ಹಾಗಲ್ಲ. ಅವು ಪ್ರಯೋಗ, ತಜ್ಞರ ಪರಿಶೀಲನೆ ಮತ್ತು ಮತ್ತೊಂದು ಸಮೀಕ್ಷೆಯ ಮೂಲಕ ಹಾದುಬರಬೇಕಾಗುತ್ತದೆ. ಇದಕ್ಕೆ ಹತ್ತು ವರ್ಷ ಹಿಡಿದ ನಿದರ್ಶನವೂ ಉಂಟು.

ಅಭಿಪ್ರಾಯ ಬರುವ ಮಾರ್ಗಗಳು

ಪ್ರತಿಯೊಂದು ದೊಡ್ಡ ಸಮೀಕ್ಷೆಗೆ ಮೊದಲು ತಜ್ಞರ ಸಮಿತಿಯು ಅನುಸೂಚಿಯ ಕರಡನ್ನು ಪರಿಶೀಲಿಸುತ್ತದೆ. ಬಳಕೆದಾರ ಇಲಾಖೆಗಳು ತಮಗೆ ಬೇಕಾದ ಪ್ರಶ್ನೆಗಳನ್ನು ಮುಂದಿಡುವುದು ಈ ಹಂತದಲ್ಲಿ. ವರದಿ ಹೊರಬಂದ ನಂತರ ವಿಚಾರ ಸಂಕಿರಣಗಳೂ ಬಳಕೆದಾರರ ಸಮ್ಮೇಳನಗಳೂ ನಡೆಯುತ್ತವೆ. ಸಮೀಕ್ಷೆಯ ವಿಧಾನ ಮತ್ತು ಫಲಿತಾಂಶಗಳ ಚರ್ಚೆಗೆಂದು 1977ರಲ್ಲಿ ‘ಸರ್ವೇಕ್ಷಣ’ ಎಂಬ ನಿಯತಕಾಲಿಕೆಯನ್ನು ಆರಂಭಿಸಲಾಯಿತು. ಸಿ. ರಂಗರಾಜನ್ ಅಧ್ಯಕ್ಷತೆಯ ಆಯೋಗವು 2001ರಲ್ಲಿ ನೀಡಿದ ವರದಿಯ ಶಿಫಾರಸಿನಂತೆ ರಾಷ್ಟ್ರೀಯ ಸಾಂಖ್ಯಿಕ ಆಯೋಗವು 2006ರಲ್ಲಿ ಕಾರ್ಯಾರಂಭ ಮಾಡಿತು. ಮಹತ್ವದ ವಿಧಾನ ಬದಲಾವಣೆಗಳನ್ನು ಈ ಆಯೋಗದ ಮುಂದಿಡಲಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚಿನ ಪರಿಣಾಮ ಬೀರಿದುದು 1999ರ ಅಂಕಿ ಅಂಶ ಪ್ರಸರಣ ನೀತಿ ಎನ್ನಬಹುದು. ಕುಟುಂಬಗಳ ಗುರುತನ್ನು ತೆಗೆದುಹಾಕಿ, ಕುಟುಂಬವಾರು ಮೂಲ ದತ್ತಾಂಶವನ್ನು ಸಂಶೋಧಕರಿಗೆ ಒದಗಿಸಲು ಈ ನೀತಿ ಅವಕಾಶ ಕಲ್ಪಿಸಿತು. ಆವರೆಗೆ ಮುದ್ರಿತ ಕೋಷ್ಟಕಗಳನ್ನಷ್ಟೇ ನೋಡಿ ಸಂದೇಹಪಡುತ್ತಿದ್ದವರು ಇದರಿಂದ ಲೆಕ್ಕವನ್ನು ತಾವೇ ಮಾಡಿ ನೋಡುವಂತಾಯಿತು.

ಮೂವತ್ತು ದಿನವೋ, ಏಳು ದಿನವೋ

ಬಳಕೆದಾರರ ಟೀಕೆಯಿಂದ ಸಮೀಕ್ಷೆಯ ಪ್ರಶ್ನಾವಳಿಯೇ ಬದಲಾದ ಪ್ರಮುಖ ಪ್ರಸಂಗವು ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಗೆ ಸಂಬಂಧಿಸಿದುದು. ಬಡತನದ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದುದು ಈ ಸಮೀಕ್ಷೆಯಿಂದಲೇ. 1997ರಲ್ಲಿ ಗುರಿನಿರ್ದೇಶಿತ ಪಡಿತರ ಪದ್ಧತಿ ಜಾರಿಗೆ ಬಂದಾಗ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ ಪ್ರತಿ ರಾಜ್ಯಕ್ಕೆ ಹಂಚಬೇಕಾದ ಆಹಾರ ಧಾನ್ಯದ ಪ್ರಮಾಣವನ್ನು 1993-94ರ ಬಡತನ ಅಂದಾಜಿನ ಆಧಾರದ ಮೇಲೆ ನಿಗದಿಪಡಿಸಲಾಯಿತು. ಹೀಗಾಗಿ ಪ್ರಶ್ನಾವಳಿಯ ಒಂದು ಅಂಕಣವು ಅಕ್ಕಿ ಗೋಧಿಯ ಹಂಚಿಕೆಯವರೆಗೆ ಮುಟ್ಟುವ ವಿಷಯವಾಗಿತ್ತು.

1950ರ ದಶಕದ ಆರಂಭದ ಪ್ರಯೋಗಗಳನ್ನು ಅನುಸರಿಸಿ, ಕಳೆದ 30 ದಿನಗಳಲ್ಲಿ ಕುಟುಂಬವು ಬಳಸಿದ ಆಹಾರ ಪದಾರ್ಥಗಳ ವಿವರವನ್ನು ಕೇಳುವ ಪದ್ಧತಿ ರೂಢಿಯಲ್ಲಿತ್ತು. ಆದರೆ ತಿಂಗಳ ಹಿಂದೆ ಕೊಂಡ ಸೊಪ್ಪು, ತರಕಾರಿ, ಮೊಟ್ಟೆಗಳನ್ನು ಯಾರು ನೆನಪಿಟ್ಟಿರುತ್ತಾರೆ ಎಂಬುದು ಸಂಶೋಧಕರ ಪ್ರಶ್ನೆಯಾಗಿತ್ತು. ರಾಷ್ಟ್ರೀಯ ಲೆಕ್ಕಗಳಲ್ಲಿ ತೋರಿಸುವ ಬಳಕೆ ವೆಚ್ಚವು ಸಮೀಕ್ಷೆಯ ವೆಚ್ಚಕ್ಕಿಂತ ಹೆಚ್ಚಾಗಿದ್ದುದೂ ಈ ಸಂದೇಹಕ್ಕೆ ಪುಷ್ಟಿ ನೀಡಿತು. 51ರಿಂದ 54ನೇ ಸುತ್ತಿನವರೆಗೆ ಎರಡು ಬಗೆಯ ಅನುಸೂಚಿಗಳನ್ನು ಬೇರೆ ಬೇರೆ ಕುಟುಂಬಗಳಲ್ಲಿ ಪ್ರಯೋಗಿಸಲಾಯಿತು. ಏಳು ದಿನಗಳ ಉಲ್ಲೇಖಾವಧಿಯಿದ್ದ ಅನುಸೂಚಿಯಲ್ಲಿ ವೆಚ್ಚವು ಗಣನೀಯವಾಗಿ ಹೆಚ್ಚು ದಾಖಲಾಯಿತು. ಆ ಲೆಕ್ಕವನ್ನು ಒಪ್ಪಿದರೆ ಬಡವರ ಸಂಖ್ಯೆಯು ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು.

1999-2000ದಲ್ಲಿ ನಡೆದ 55ನೇ ಸುತ್ತಿನಲ್ಲಿ ಇಬ್ಬರ ವಾದವನ್ನೂ ಮನ್ನಿಸುವ ಪ್ರಯತ್ನವಾಗಿ, ಒಂದೇ ಕುಟುಂಬಕ್ಕೆ ಏಳು ದಿನದ ಪ್ರಶ್ನೆಯನ್ನೂ ಮೂವತ್ತು ದಿನದ ಪ್ರಶ್ನೆಯನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಕೇಳಲಾಯಿತು. ಬಡತನದ ಪ್ರಮಾಣವು 1993-94ರ ಶೇ. 36ರಿಂದ ಶೇ. 26.1ಕ್ಕೆ ಇಳಿದಿದೆ ಎಂದು ಅಂದಾಜಿಸಲಾಯಿತು. ಈ ಅಂಕಿಯನ್ನು ಸಂಭ್ರಮದಿಂದ ಸ್ವೀಕರಿಸಿದವರೂ ಇದ್ದರು, ಒಪ್ಪದವರೂ ಇದ್ದರು. ಕಳೆದ ವಾರ ಎರಡು ಕಿಲೋ ಬೇಳೆ ಎಂದು ಹೇಳಿದ ಗೃಹಿಣಿ, ತಿಂಗಳಿಗೆಷ್ಟು ಎಂಬ ಮರುಪ್ರಶ್ನೆಗೆ ನೆನಪಿನಿಂದ ಉತ್ತರಿಸದೆ ಎಂಟು ಕಿಲೋ ಎಂದು ಗುಣಿಸಿ ಹೇಳುವ ಸಂಭವವೇ ಹೆಚ್ಚು. ಹಾಗಾದಲ್ಲಿ ಆ ಸುತ್ತಿನ ಮೂವತ್ತು ದಿನದ ಅಂಕಿಯನ್ನು ಹಿಂದಿನ ಸುತ್ತುಗಳೊಂದಿಗೆ ಹೋಲಿಸಲಾಗದು ಎಂಬುದು ಆಕ್ಷೇಪಣೆಯ ಸಾರ. ಅಭಿಜಿತ್ ಸೇನ್, ಆಂಗಸ್ ಡೀಟನ್, ಜಾನ್ ಡ್ರೀಜ್, ಕೆ. ಸುಂದರಂ, ಸುರೇಶ್ ತೆಂಡೂಲ್ಕರ್ ಮೊದಲಾದ ಅರ್ಥಶಾಸ್ತ್ರಜ್ಞರು ಸಮೀಕ್ಷೆಯ ದತ್ತಾಂಶವನ್ನೇ ಬಳಸಿ ಈ ಚರ್ಚೆಯನ್ನು ನಡೆಸಿದರು. ಅವರೆಲ್ಲರ ತೀರ್ಮಾನಗಳು ಒಂದೇ ಆಗಿರಲಿಲ್ಲ.

ಸಂಸ್ಥೆಯು ತನ್ನ ಅಂಕಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ವಿಧಾನವನ್ನು ಸಮರ್ಥಿಸಿಕೊಂಡು ಕುಳಿತಿರಲೂ ಇಲ್ಲ. 2000ದಲ್ಲಿ ಐದು ರಾಜ್ಯಗಳಲ್ಲಿ ನಡೆಸಿದ ಪ್ರಾಯೋಗಿಕ ಸಮೀಕ್ಷೆಯಲ್ಲಿ ವಾರದ, ತಿಂಗಳ ಹಾಗೂ ದಿನವಹಿ ಅಳತೆಯ ಲೆಕ್ಕಗಳನ್ನು ಹೋಲಿಸಿ ನೋಡಲಾಯಿತು. ಎಲ್ಲ ಪದಾರ್ಥಗಳಿಗೂ ಒಂದೇ ಅವಧಿ ಹೊಂದುವುದಿಲ್ಲ ಎಂಬುದು ಕಂಡುಬಂತು. 2004-05ರ 61ನೇ ಸುತ್ತಿನಲ್ಲಿ ಆಹಾರಕ್ಕೆ ಮೂವತ್ತು ದಿನದ ಏಕೈಕ ಅಂಕಣವನ್ನು ಮರಳಿ ತರಲಾಯಿತು. ಆಗ ದೊರೆತ ಬಡತನದ ಅಂದಾಜು ಶೇ. 27.5. ಐದು ವರ್ಷಗಳಲ್ಲಿ ಬಡತನ ಹೆಚ್ಚಿತೆಂದು ಇದರ ಅರ್ಥವಲ್ಲ. ಎರಡು ಅಂಕಿಗಳು ಎರಡು ಪ್ರಶ್ನೆಗಳಿಗೆ ದೊರೆತ ಉತ್ತರಗಳು.

ಮುಂದೆ 66 ಮತ್ತು 68ನೇ ಸುತ್ತುಗಳಲ್ಲಿ ಎರಡು ಅನುಸೂಚಿಗಳನ್ನು ಪ್ರತ್ಯೇಕ ಕುಟುಂಬಗಳಿಗೆ ನೀಡಲಾಯಿತು. ಬೇಗ ಮರೆತುಹೋಗುವ ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಖಾದ್ಯ ತೈಲ ಮುಂತಾದವುಗಳಿಗೆ ಏಳು ದಿನ, ಧಾನ್ಯ ಬೇಳೆಗಳಿಗೆ ಮೂವತ್ತು ದಿನ, ಬಟ್ಟೆ ಮತ್ತು ಬಾಳಿಕೆಯ ವಸ್ತುಗಳಿಗೆ ಒಂದು ವರ್ಷ ಎಂಬ ಮಿಶ್ರ ಪದ್ಧತಿಯನ್ನು ಒಂದು ಅನುಸೂಚಿಯಲ್ಲಿ ಅನುಸರಿಸಲಾಯಿತು. 2011-12ರಲ್ಲಿ ಗ್ರಾಮೀಣ ತಲಾ ಮಾಸಿಕ ವೆಚ್ಚವು ಎಲ್ಲಕ್ಕೂ ಮೂವತ್ತು ದಿನದ ಲೆಕ್ಕದಲ್ಲಿ ರೂ. 1,279 ಇದ್ದರೆ, ಈ ಮಿಶ್ರ ಲೆಕ್ಕದಲ್ಲಿ ರೂ. 1,430 ಆಗಿತ್ತು. ಎರಡನ್ನೂ ಪ್ರಕಟಿಸಿದ್ದರಿಂದ ಬದಲಾವಣೆಯ ಪರಿಣಾಮವೆಷ್ಟು ಎಂಬುದನ್ನು ಬಳಕೆದಾರರು ಸ್ವತಃ ಅಳೆಯಲು ಸಾಧ್ಯವಾಯಿತು.

ಪ್ರಕಟವಾಗದ ಒಂದು ಸಮೀಕ್ಷೆ

2017-18ರ ಬಳಕೆ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ಕಾರಣದಿಂದ ಪ್ರಕಟಿಸಲಾಗುವುದಿಲ್ಲ ಎಂದು ಸಚಿವಾಲಯವು ನವೆಂಬರ್ 2019ರಲ್ಲಿ ತಿಳಿಸಿತು. ದತ್ತಾಂಶವನ್ನು ಬಿಡುಗಡೆ ಮಾಡಬೇಕೆಂದು ಅನೇಕ ಅರ್ಥಶಾಸ್ತ್ರಜ್ಞರು ಆಗ್ರಹಿಸಿದರು. ದೋಷವಿದ್ದ 55ನೇ ಸುತ್ತನ್ನು ಹೊರಗಿನವರು ಪರಿಶೀಲಿಸಿದ್ದರಿಂದಲೇ ನಂತರದ ಸುತ್ತುಗಳು ಸುಧಾರಿಸಿದವು. 2017-18ರ ವಿಷಯದಲ್ಲಿ ಅಂತಹ ಪರಿಶೀಲನೆಗೆ ಅವಕಾಶವಾಗಲಿಲ್ಲ. ಪರಿಣಾಮವಾಗಿ 2011-12ರಿಂದ 2022-23ರವರೆಗೆ ಹನ್ನೊಂದು ವರ್ಷಗಳ ಅಂತರ ಉಳಿಯಿತು. 2012 ಮೂಲ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರಕ್ಕೆ ನೀಡಿದ ತೂಕವು 2011-12ರ ಬಳಕೆಯನ್ನೇ ಆಧರಿಸಿತ್ತು. ಆದರೆ ಗ್ರಾಮೀಣ ಕುಟುಂಬದ ವೆಚ್ಚದಲ್ಲಿ ಆಹಾರದ ಪಾಲು ಈ ಅವಧಿಯಲ್ಲಿ ಶೇ. 52.9ರಿಂದ ಶೇ. 46.4ಕ್ಕೆ ಇಳಿದಿತ್ತು. 2024ನ್ನು ಮೂಲ ವರ್ಷವನ್ನಾಗಿಸಿದ ಸರಣಿಗೆ 2023-24ರ ಸಮೀಕ್ಷೆಯ ತೂಕಗಳನ್ನು ಆಯ್ದುಕೊಳ್ಳಲಾಯಿತು.

2022-23ರ ಸಮೀಕ್ಷೆಯಲ್ಲಿ ಪದಾರ್ಥಗಳ ಸಂಖ್ಯೆಯನ್ನು 347ರಿಂದ 405ಕ್ಕೆ ಹೆಚ್ಚಿಸಲಾಯಿತು. ಒಂದೇ ಭೇಟಿಯಲ್ಲಿ ದೀರ್ಘ ಪ್ರಶ್ನಾವಳಿಯನ್ನು ಮುಗಿಸುವುದರಿಂದ ಉತ್ತರಿಸುವವರು ದಣಿಯುತ್ತಾರೆ ಎಂಬ ಕಾರಣಕ್ಕೆ ಮೂರು ಪ್ರಶ್ನಾವಳಿಗಳನ್ನು ಮೂರು ಪ್ರತ್ಯೇಕ ತಿಂಗಳ ಭೇಟಿಗಳಿಗೆ ಹಂಚಲಾಯಿತು. ಉಚಿತವಾಗಿ ದೊರೆತ ಧಾನ್ಯ, ಸೈಕಲ್, ಸಮವಸ್ತ್ರ ಮೊದಲಾದವುಗಳ ಮೌಲ್ಯವನ್ನು ಸೇರಿಸಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವನ್ನು ಹೇರದೆ, ಸೇರಿಸಿದ ಮತ್ತು ಸೇರಿಸದ ಎರಡೂ ಅಂಕಿಗಳನ್ನು ನೀಡಲಾಯಿತು: ಗ್ರಾಮೀಣ ಪ್ರದೇಶದಲ್ಲಿ ರೂ. 3,860 ಮತ್ತು ರೂ. 3,773.

ಕರ್ನಾಟಕದ ಬಳಕೆದಾರರು ಇಲ್ಲಿ ಒಂದು ಅಂಶವನ್ನು ಗಮನಿಸುವುದು ಸೂಕ್ತ. ಅನ್ನಭಾಗ್ಯ ಯೋಜನೆಯಡಿ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಜುಲೈ 2023ರಿಂದ ಪ್ರತಿ ಫಲಾನುಭವಿಗೆ ತಿಂಗಳಿಗೆ ರೂ. 170ನ್ನು ಖಾತೆಗೆ ಜಮೆ ಮಾಡಲಾಗುತ್ತಿತ್ತು. 2025ರಲ್ಲಿ ಅಕ್ಕಿಯ ವಿತರಣೆಗೆ ಮರಳಲಾಯಿತು. ಆಗಸ್ಟ್ 2023ರಿಂದ ಜುಲೈ 2024ರವರೆಗಿನ ಸಮೀಕ್ಷೆಯ ಕಾಲದಲ್ಲಿ ಈ ನೆರವು ನಗದು ರೂಪದಲ್ಲಿತ್ತು. ವಸ್ತುವಾಗಿ ಬಂದ ಅಕ್ಕಿಗೆ ಮೌಲ್ಯ ಕಟ್ಟಿ ಪ್ರತ್ಯೇಕವಾಗಿ ಸೇರಿಸಲಾಗುತ್ತದೆ. ನಗದಿನಿಂದ ಕೊಂಡ ಅಕ್ಕಿಯು ಮಾಮೂಲಿ ಖರೀದಿಯ ವೆಚ್ಚದಲ್ಲೇ ಸೇರಿಹೋಗುತ್ತದೆ. ಬೇರೆ ರಾಜ್ಯಗಳೊಂದಿಗೆ ಹೋಲಿಕೆ ಮಾಡುವಾಗ ಇದನ್ನು ಮರೆಯುವಂತಿಲ್ಲ.

ಶೀಘ್ರವಾಗಿ ಜಾರಿಯಾದ ಬದಲಾವಣೆಗಳು

ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಟಣೆಯ ವೇಳೆಯನ್ನು ನವೆಂಬರ್ 2024ರಿಂದ ಸಂಜೆ 5.30ರ ಬದಲು 4 ಗಂಟೆಗೆ ನಿಗದಿಪಡಿಸಲಾಯಿತು. ಕೈಗಾರಿಕಾ ಉತ್ಪಾದನಾ ಸೂಚ್ಯಂಕವು ಏಪ್ರಿಲ್ 2025ರಿಂದ, 42 ದಿನಗಳ ಬದಲು 28 ದಿನಗಳಲ್ಲಿ ಹೊರಬರತೊಡಗಿತು. ಜಿಲ್ಲಾ ಮಟ್ಟದ ಅಂಕಿಗಳು ಬೇಕೆಂಬ ಬಹುಕಾಲದ ಬೇಡಿಕೆಯನ್ನು ಪರಿಗಣಿಸಿ, ಜನವರಿ 2025ರಿಂದ ಮಾದರಿ ಆಯ್ಕೆಯಲ್ಲಿ ಜಿಲ್ಲೆಯನ್ನೇ ಮೂಲ ಸ್ತರವನ್ನಾಗಿ ಮಾಡಲಾಯಿತು.

ಕಾರ್ಮಿಕ ಬ್ಯೂರೋ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ವಿಷಯದಲ್ಲಿ ವಿವರಣೆಯ ಅಗತ್ಯವೇ ಹೆಚ್ಚು. ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಡಿಕೇರಿ ಮುಂತಾದ ಕೇಂದ್ರಗಳ ಬೆಲೆಗಳೂ ಸೇರುವ ಈ ಸೂಚ್ಯಂಕದ ಮೂಲ ವರ್ಷವನ್ನು 2020ರಲ್ಲಿ 2001ರಿಂದ 2016ಕ್ಕೆ ಬದಲಾಯಿಸಿದಾಗ, ಆಗಸ್ಟ್‌ನಲ್ಲಿ 338 ಇದ್ದ ಅಂಕಿ ಸೆಪ್ಟೆಂಬರ್‌ನಲ್ಲಿ 118.1 ಎಂದು ಪ್ರಕಟವಾಯಿತು. ತುಟ್ಟಿಭತ್ಯೆಯನ್ನು ಲೆಕ್ಕ ಹಾಕುವವರು ಹೊಸ ಅಂಕಿಯನ್ನು 2.88 ಎಂಬ ಜೋಡಣಾ ಗುಣಕದಿಂದ ಗುಣಿಸಬೇಕು. ಆಗ ಅದು ಸುಮಾರು 340 ಆಗುತ್ತದೆ.

ಮಾನ್ಯ ಮಾಡಲಾಗದ ಕೋರಿಕೆಗಳು

ಸಮೀಕ್ಷೆಗೆ ಒಳಪಟ್ಟ ಕುಟುಂಬ ಅಥವಾ ಉದ್ದಿಮೆಯ ಗುರುತನ್ನು ಯಾವ ಬಳಕೆದಾರರಿಗೂ ನೀಡಲಾಗುವುದಿಲ್ಲ. ಅಂಕಿ ಅಂಶಗಳ ಸಂಗ್ರಹಣಾ ಅಧಿನಿಯಮ, 2008 ಈ ಗೋಪ್ಯತೆಯನ್ನು ವಿಧಿಸಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕಚೇರಿಯ ಬಳಿ ಇರುವ ಮಾಹಿತಿಯನ್ನು ಪಡೆಯಬಹುದೇ ಹೊರತು, ಹೊಸ ಕೋಷ್ಟಕವನ್ನು ಸಿದ್ಧಪಡಿಸಿಕೊಡುವಂತೆ ಕೇಳಲು ಬರುವುದಿಲ್ಲ. ಪ್ರಕಟಿತ ಅಂಕಿಯು ಅನುಭವಕ್ಕೆ ಒಗ್ಗುವುದಿಲ್ಲ ಎಂಬ ಕಾರಣವೊಂದರಿಂದಲೇ ಅದನ್ನು ಬದಲಿಸಲಾಗದು.

ಅಭಿಪ್ರಾಯವನ್ನು ಕಳುಹಿಸುವವರು ಸಮೀಕ್ಷೆಯ ಹೆಸರು, ಸುತ್ತು ಅಥವಾ ವರ್ಷ, ಕೋಷ್ಟಕದ ಸಂಖ್ಯೆ ಮತ್ತು ಆ ಅಂಕಿಯನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತಿದೆ ಎಂಬುದನ್ನು ತಿಳಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಿದ್ದರೆ, ಮೂಲ ದತ್ತಾಂಶದಿಂದ ಅದನ್ನು ಪಡೆದ ಕ್ರಮವನ್ನೂ ಲಗತ್ತಿಸುವುದು ಒಳಿತು. ರಾಜ್ಯ ಮಾದರಿಯ ಅಂಕಿಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಬೆಂಗಳೂರಿನ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಅಥವಾ ಆಯಾ ಜಿಲ್ಲಾ ಸಾಂಖ್ಯಿಕ ಅಧಿಕಾರಿಗಳಿಗೆ ಕಳುಹಿಸಬಹುದು.