ಮಲ್ಲಿಗೆ ಚೀಟಿಯ ಹಿಂಬದಿ

ಕಟಪಾಡಿ ಪೇಟೆಯಲ್ಲಿ ಹಿರಿಯರೊಬ್ಬರು ನನ್ನನ್ನು ಕಂಡಾಗಲೆಲ್ಲ "ಎಂತ ಕರ್ನಲ್ರೇ, ರಜೆಯಾ?" ಎಂದು ಕೇಳುತ್ತಿದ್ದರು. ಮಗನಿಗೆ ಬೆಂಗಳೂರಲ್ಲಿ ಕರ್ನಲ್ ಕೆಲಸ ಎಂದು ಅಮ್ಮ ಎಲ್ಲೋ ಹೇಳಿದ್ದಳು, ಅವರು ಮಿಲಿಟರಿ ಎಂದುಕೊಂಡಿದ್ದರು. ಕನ್ನಡದಲ್ಲಿ ಎರಡಕ್ಕೂ ಬರೆಯುವುದು ಒಂದೇ ಥರ, ತಪ್ಪು ಅವರದಲ್ಲ. ನನ್ನ ಕರ್ನಲ್ ಕಂಪ್ಯೂಟರಿನ ಒಳಗಿರುವುದು. ಮೆಮೊರಿ, ಡಿಸ್ಕು, ಪ್ರೊಸೆಸರುಗಳನ್ನು ಯಾರಿಗೆ ಎಷ್ಟು ಎಂದು ಹಂಚಿಕೊಡುವ ತಳದ ಪ್ರೋಗ್ರಾಮು. ಮಿಕ್ಕವು ಕೆಟ್ಟರೆ ಅದು ಹಿಡಿದು ಹೊರಗೆ ಹಾಕುತ್ತದೆ. ಅದೇ ಕೆಟ್ಟರೆ ಹಿಡಿಯುವವರಿಲ್ಲ.

ಇದು ನನಗೆ ಗೊತ್ತಾದದ್ದು 2000ದ ಬೇಸಿಗೆಯಲ್ಲಿ, ನಮ್ಮ ಮನೆಯ ಚಾವಡಿಯಲ್ಲಿ. ನಾನು ಕೈಹಾಕಿದ್ದು ಲಿನಕ್ಸ್ ಎಂಬ ಕರ್ನಲ್ಲಿಗೆ. ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. 1996ರ ಮಾರ್ಚಿನಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಿತ್ತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಆಮೇಲಾಮೇಲೆ ಬಂದ ಅಂಥ ಸಿಡಿಗಳು ಮಣಿಪಾಲದ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ದಾಟಿ ಗೀರುಬಿದ್ದು ನಮ್ಮ ಮನೆ ಸೇರಿದ್ದವು. ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ನಾನೇ ಒಂದು ಡ್ರೈವರ್, ಎಂದರೆ ಕರ್ನಲ್ಲಿನೊಳಗೆ ಕೂತು ಅದನ್ನು ನಡೆಸುವ ಪ್ರೋಗ್ರಾಮು, ಬರೆಯಹೊರಟಿದ್ದೆ. ಹೊಸ ಹುಮ್ಮಸ್ಸು.

ಬೆಳಗಿನ ಜಾವ ಅಮ್ಮ ಅಂಗಳದಲ್ಲಿ ಕೂತು ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಿದ್ದಳು. ಒಳಗೆ ಪರದೆ ನಿಂತುಹೋಯಿತು. 25 ಸಾಲು ಅಂಕಿ, ಕೆಳಗಡೆ ಒಂದು ಸಾಲು: "ಐಯೀ, ಕಿಲ್ಲಿಂಗ್ ಇಂಟರಪ್ಟ್ ಹ್ಯಾಂಡ್ಲರ್". ಆ ಚೀತ್ಕಾರ ನಾನು ಸೇರಿಸಿದ್ದಲ್ಲ, ಲಿನಕ್ಸಿನ ಕೋಡಿನಲ್ಲೇ ಇತ್ತು. ಈ ಅಂಕಿಗಳ ಕಂತೆಗೆ ಊಪ್ಸ್ ಎಂದು ಹೆಸರು. ಮೇಲಕ್ಕೆ ಸರಿದುಹೋದ ಸಾಲನ್ನು ವಾಪಸು ತರುವ ಹಾಗಿಲ್ಲ, ಕೀಬೋರ್ಡೂ ಸತ್ತಿರುತ್ತದೆ. ಡಿಸ್ಕಿನಲ್ಲಿ ಏನೂ ಉಳಿದಿರುವುದಿಲ್ಲ. ಕರೆಂಟು ಹೋಗುವ ಮೊದಲು ಪೆನ್ನಲ್ಲಿ ಬರೆದುಕೊಳ್ಳಬೇಕು. ಕೈಗೆ ಸಿಕ್ಕಿದ್ದು ಹಿಂದಿನ ದಿನ ಹೂವು ಕೊಟ್ಟ ಲೆಕ್ಕದ ಚೀಟಿ: ಒಂದು ಅಟ್ಟೆ, ಎರಡು ಚೆಂಡು.

"ಎಂತದಾ ಅದು ಬರೆಯುವುದು? ಆ ಚೀಟಿ ನಂಗೆ ಬೇಕು."

"ಹಿಂದೆ ಮಾತ್ರ ಬರೆಯುವುದಮ್ಮ."

ಬರೆದ ಅಂಕಿಗಳಲ್ಲಿ ಒಂದು 00000014. ಹದಿನಾರರ ಲೆಕ್ಕದಲ್ಲಿ 14 ಎಂದರೆ 20. ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಯಾವುದೋ ಪಾಯಿಂಟರ್ ಸೊನ್ನೆಯಾಗಿದೆ, ಆ ಸೊನ್ನೆಯಿಂದ ಇಪ್ಪತ್ತು ಬೈಟು ಆಚೆ ಏನೋ ಇದೆ ಎಂದು ಕರ್ನಲ್ ಕೈಹಾಕಿದೆ. ಇನ್ನೊಂದು, ಬಿದ್ದ ಜಾಗದ ಎಂಟಂಕಿಯ ವಿಳಾಸ. ಅದನ್ನು ಕೆಸಿಮ್‌ಊಪ್ಸ್ ಎಂಬ ಪ್ರೋಗ್ರಾಮಿಗೆ ಕೊಟ್ಟರೆ ಫಂಕ್ಷನ್ನಿನ ಹೆಸರು ಹೇಳುತ್ತದೆ. ನಾನು ಗೀಚಿದ ಸಣ್ಣ 'ಬಿ' ಮಾರನೆಯ ದಿನ ನನ್ನ ಕಣ್ಣಿಗೇ 6ರಂತೆ ಕಂಡಿತು. ಕೆಸಿಮ್‌ಊಪ್ಸ್ ಡಿಸ್ಕಿನ ಕಡೆಯ ಯಾವುದೋ ನಿರಪರಾಧಿಯನ್ನು ತೋರಿಸಿತು. ಎರಡು ದಿನ ಅದನ್ನೇ ಓದುತ್ತ ಕೂತೆ. ತಪ್ಪು ನನ್ನ ಡ್ರೈವರಿನ ಮೂರನೆಯ ಸಾಲಿನಲ್ಲಿತ್ತು.

ಇಷ್ಟು ಕಷ್ಟ ಯಾಕಿತ್ತು ಎಂದರೆ, 1991ರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟಾರ್ವಾಲ್ಡ್ಸ್‌ಗೆ ಕರ್ನಲ್ಲಿನೊಳಗೆ ಡಿಬಗರ್, ಎಂದರೆ ತಪ್ಪು ಹುಡುಕುವ ಸಲಕರಣೆ, ಇರುವುದೇ ಇಷ್ಟವಿರಲಿಲ್ಲ. ಕೋಡನ್ನು ಓದಿ ಅರ್ಥಮಾಡಿಕೊಳ್ಳಿ, ಡಿಬಗರ್ ಇದ್ದರೆ ಜನ ಮೇಲುಮೇಲೆ ತೇಪೆ ಹಾಕುತ್ತಾರೆ ಎಂಬುದು ಅವರ ವಾದ. 2000ದಲ್ಲೇ ಇದನ್ನು ಖಡಾಖಂಡಿತವಾಗಿ ಬರೆದಿದ್ದರು. ಪುಣೆಯ ಅಮಿತ್ ಕಾಳೆ ಕೆಜಿಡಿಬಿ ಎಂಬ ಡಿಬಗರನ್ನು ವರ್ಷಗಟ್ಟಲೆ ಹೊರಗಿನಿಂದಲೇ ಸಾಕಿದರು. ಅದು ಒಳಗೆ ಸೇರಿದ್ದು 2008ರಲ್ಲಿ. ಟಾರ್ವಾಲ್ಡ್ಸ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ ಎಂದು ನನಗೆ ಈಗ ಅನಿಸುತ್ತದೆ. ಆದರೆ ಬ್ಯಾಂಕಿನ ಯಂತ್ರ ನಡುರಾತ್ರಿ ಬಿದ್ದಾಗ, ಕೂತು ಓದಿ ಎನ್ನಲು ಆಗುವುದಿಲ್ಲ.

ಆ ನಡುರಾತ್ರಿಯ ಫೋನು ಎತ್ತಬೇಕಾದವರು ಬೇರೆ ದಾರಿ ಹುಡುಕಿದರು. ಅದರಲ್ಲಿ ಒಂದಷ್ಟು ಹುಡುಕಾಟ ನಡೆದದ್ದು ಬೆಂಗಳೂರಿನಲ್ಲಿ, ಐಬಿಎಂನ ಲಿನಕ್ಸ್ ತಂಡದಲ್ಲಿ. ಕೆಪ್ರೋಬ್ಸ್ ಎಂಬ ಕಡತದ ತಲೆಬರಹ ಇಂದಿಗೂ ಲಿನಕ್ಸಿನಲ್ಲಿ ಹಾಗೇ ಇದೆ: 2002ರ ಅಕ್ಟೋಬರಿನಲ್ಲಿ ಮೊದಲ ರೂಪ ಕೊಟ್ಟವರು ವಂಶಿಕೃಷ್ಣ, 2004ರಲ್ಲಿ ಬೆಳೆಸಿದವರು ಪ್ರಸನ್ನ ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ. ಅದೇ ವರ್ಷ 2.6.9ರಲ್ಲಿ ಒಳಸೇರಿತು. ಅದರ ಉಪಾಯ ಎಷ್ಟು ಸಣ್ಣದೆಂದರೆ ಮೊದಲ ಸಲ ಓದಿ ನಕ್ಕುಬಿಟ್ಟಿದ್ದೆ. ಓಡುತ್ತಿರುವ ಕರ್ನಲ್ಲಿನಲ್ಲಿ ಬೇಕಾದ ಆಜ್ಞೆಯ ಮೊದಲ ಒಂದು ಬೈಟನ್ನು ಎತ್ತಿಟ್ಟು, ಆ ಜಾಗದಲ್ಲಿ 'ನಿಲ್ಲು' ಎನ್ನುವ ಬೈಟು ಇಡುವುದು. ಪ್ರೊಸೆಸರು ಅಲ್ಲಿಗೆ ಬಂದು ಎಡವಿದಾಗ ನೋಡಬೇಕಾದ್ದನ್ನು ನೋಡಿಕೊಳ್ಳುವುದು, ತೆಗೆದಿಟ್ಟ ಆಜ್ಞೆಯ ನಕಲನ್ನು ಒಂದೇ ಹೆಜ್ಜೆ ಓಡಿಸಿ ಮುಂದೆ ಕಳಿಸುವುದು. ಯಂತ್ರ ನಿಲ್ಲಿಸಬೇಕಿಲ್ಲ, ಕರ್ನಲ್ ಮತ್ತೆ ಕಟ್ಟಬೇಕಿಲ್ಲ. ಸುಪರ್ಣಾ ಸೇರಿಸಿದ ಜಂಪರ್ ಪ್ರೋಬ್ ಎಂಬ ಭಾಗವನ್ನು 2018ರಲ್ಲಿ ತೆಗೆದರು. ತಲೆಬರಹದಲ್ಲಿ ಅವರ ಹೆಸರು ಉಳಿದಿದೆ.

ಇನ್ನೊಂದು ಕಡತದಲ್ಲಿ ಹರಿಪ್ರಸಾದ್ ನೆಲ್ಲಿತೀರ್ಥ ಎಂದಿದೆ, 2004. ನೆಲ್ಲಿತೀರ್ಥ ಎಂದರೆ ನಮ್ಮ ಕಡೆಯವರಿಗೆ ತೆವಳಿಕೊಂಡು ಒಳಹೋಗುವ ಗುಹೆಯ ದೇವಸ್ಥಾನ, ಹಾಗಾಗಿ ಕಣ್ಣು ಅಲ್ಲೇ ನಿಂತಿತು. ಅದು ಕೆಡಂಪ್‌ನ ಕೋಡು. ವಿವೇಕ್ ಗೋಯಲ್, ಅಮೆರಿಕದ ಎರಿಕ್ ಬೀಡರ್‌ಮನ್ ಮತ್ತು ಹರಿಪ್ರಸಾದ್ ಜೊತೆಗೂಡಿ 2005ರಲ್ಲಿ ಅದರ ಬಗ್ಗೆ ಒಟ್ಟಾವದ ಲಿನಕ್ಸ್ ಸಮ್ಮೇಳನಕ್ಕೆ ಪ್ರಬಂಧ ಬರೆದರು. ಅಲ್ಲಿಯತನಕ ಬಿದ್ದ ಕರ್ನಲ್ಲೇ ತನ್ನ ಮೆಮೊರಿಯನ್ನು ಡಿಸ್ಕಿಗೆ ಬರೆದಿಡಬೇಕಿತ್ತು. ತಲೆ ಕೆಟ್ಟವನ ಕೈಗೆ ಪೆನ್ನು ಕೊಟ್ಟ ಹಾಗೆ, ಎಲ್ಲಿ ಗೀಚುತ್ತಾನೋ ಹೇಳಲಾಗದು. ಕೆಡಂಪ್‌ನಲ್ಲಿ ಎರಡನೆಯದೊಂದು ಕರ್ನಲ್ ಮೊದಲೇ ಮೆಮೊರಿಯ ಮೂಲೆಯಲ್ಲಿ ಮಲಗಿರುತ್ತದೆ. ಆ ಮೂಲೆಯನ್ನು ಮೊದಲನೆಯದು ಮುಟ್ಟುವುದಿಲ್ಲ. ಮೊದಲನೆಯದು ಬಿದ್ದ ಕ್ಷಣ ಇದು ಎದ್ದು, ಉಳಿದ ಮೆಮೊರಿಯನ್ನೆಲ್ಲ ಒಂದು ಫೈಲಿಗೆ ಇಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡುತ್ತದೆ. ಬೆಳಿಗ್ಗೆ ಚಾ ಕುಡಿದು ಆ ಫೈಲು ತೆರೆದರಾಯಿತು.

ಈಗ ನಾನು ಕಟಪಾಡಿಯಿಂದಲೇ ಕೆಲಸ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ದೂರದ ಯಂತ್ರವೊಂದು ಬಿತ್ತು. ಎರಡನೆಯ ಕರ್ನಲ್ ಎದ್ದಿತು, ತನಗೆ ಮೆಮೊರಿ ಸಾಲದೆ ಅದೂ ಬಿತ್ತು. ಮೂಲೆಗೆ 128 ಎಂಬಿ ಸಾಕು ಎಂದು ಬರೆದವನು ನಾನೇ. ಸೀರಿಯಲ್ ಕನ್ಸೋಲಿನಲ್ಲಿ ಉಳಿದಿದ್ದ ಹದಿನೈದಿಪ್ಪತ್ತು ಸಾಲು ಹಿಡಿದುಕೊಂಡು ಅಂದಾಜು ಮಾಡುತ್ತ ಕೂತೆ, 2000ದ ಹಾಗೆಯೇ. 128 ಅನ್ನು 256 ಮಾಡಿ, ಅದೇ ತಪ್ಪು ಇನ್ನೊಮ್ಮೆ ಬರಲಿ ಎಂದು ಕಾಯುತ್ತಿದ್ದೇನೆ. ಇನ್ನೂ ಬಂದಿಲ್ಲ.