ಶೋಲೆಯ ಇಮಾಮ್ ಸಾಹೇಬರು

1973ರ ಅಕ್ಟೋಬರಿನಲ್ಲಿ ನಮ್ಮ ರಾಮನಗರದ ಬೆಟ್ಟಗಳ ಕೆಳಗೆ ಚಿತ್ರೀಕರಣ ಆರಂಭವಾಗಿ, 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯಲ್ಲಿ ಇಮಾಮ್ ಸಾಹೇಬರು ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಆದರೂ ಅವರನ್ನು ನಾವು ಮರೆತಿಲ್ಲ. (ಪಾತ್ರಧಾರಿ ಎ.ಕೆ. ಹಂಗಲ್ ಎಂದರೆ ಕನ್ನಡಿಗರಿಗೆ ಹಾನಗಲ್ ನೆನಪಾಗುವುದು ಸಹಜ. ಅವರದು ಕಾಶ್ಮೀರಿ ಪಂಡಿತ ಮನೆತನ. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು, ದರ್ಜಿ ಕೆಲಸ ಮಾಡಿದವರು, ಇಪ್ಟಾ ರಂಗಭೂಮಿಯಲ್ಲಿ ಪಳಗಿದವರು.)

ಸಲೀಂ-ಜಾವೇದ್ ಜೋಡಿ ಈ ಕುರುಡು ಮುದುಕರಿಗೆ ಒಂದು ಮನೆಯ ಚಿಂತೆಯನ್ನು ಕೊಟ್ಟಿತು. ಮಗ ಅಹ್ಮದ್ ಜಬಲ್ಪುರದ ಬೀಡಿ ಕಾರ್ಖಾನೆಗೆ ದುಡಿಯಲು ಹೋಗಬೇಕು. ಅಪ್ಪನನ್ನು ಒಂಟಿಯಾಗಿ ಬಿಡಲು ಅವನಿಗೆ ಮನಸ್ಸಿಲ್ಲ. ಹೊರಡಲೇಬೇಕೆಂದು ಹಟ ಹಿಡಿದವರು ಅಪ್ಪನೇ. ಬೀಡಿ ಕಟ್ಟುವ ಮೊಹಲ್ಲಾಗಳನ್ನು ಬಲ್ಲ ನಮಗೆ ಇದು ಬರಿಯ ಸಿನಿಮಾ ಮಾತಾಗಿ ಕೇಳಿಸುವುದಿಲ್ಲ. ಗಬ್ಬರ್ ಕೊಂದ ಹುಡುಗನ ಹೆಣವನ್ನು ಕುದುರೆ ಊರಿಗೆ ಹೊತ್ತು ತರುತ್ತದೆ. ಕಂಡವರೆಲ್ಲ ಮೂಕರಾಗುತ್ತಾರೆ. ಕಾಣಲಾರದವರೊಬ್ಬರೇ, ಇಷ್ಟೇಕೆ ಮೌನ ಎಂದು ಕೇಳುತ್ತಾರೆ.

ಊರಿಗಾಗಿ ಕೊಡಲು ಇನ್ನಷ್ಟು ಗಂಡುಮಕ್ಕಳಿರಲಿಲ್ಲವಲ್ಲ ಎಂದು ಆಮೇಲೆ ಅವರಿಂದ ಆಡಿಸಿದ ಮಾತು ನಮ್ಮನ್ನು ಚುಚ್ಚುತ್ತದೆ. ಮುಸಲ್ಮಾನನು ತಾನು ಊರವನೆಂದು ತೋರಿಸಲು ಮಗನನ್ನೇ ಕೊಡಬೇಕೆ? ಆದರೆ ಅದೇ ಊರಿನ ಠಾಕೂರನೂ ಮಕ್ಕಳನ್ನು ಕಳೆದುಕೊಂಡವನೇ. ಅವನ ದುಃಖ ಸೇಡನ್ನು ಹುಡುಕಿತು. ಇಮಾಮ್ ಸಾಹೇಬರು ಅಜಾನ್ ಕೇಳಿ, ಕೋಲೂರುತ್ತ ನಮಾಜಿಗೆ ಹೊರಟರು.